ಹಳೇ ಕಾರಲ್ಲಿ ಕರೆಂಟ್ ಹೋಗಿ ಬರುವ ತೊಂದರೆ: ಆಲ್ಟರ್ನೇಟರ್ ಬದಲಿಸುವ ಮುಂಚೆ ಇಷ್ಟು ನೋಡಿ

ಮೂಡಿಗೆರೆ ಅಣ್ಣ, ನಿಮ್ಮ ಪ್ರಶ್ನೆ ಓದಿದೆ. 2003ರ ಮಾರುತಿ 800. ಓಡುತ್ತಿರುವಾಗ ಮೀಟರ್ ಲೈಟೆಲ್ಲ ಆರಿ ಎಂಜಿನ್ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಅದೇ ಕತೆ. ಈಗ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ಬದಲಿಸಿ ಅಂತಿದ್ದಾರೆ, ಅಲ್ವಾ? ಸದ್ಯಕ್ಕೆ ಬೇಡ.

ಬ್ಯಾಟರಿ ವೀಕ್ ಆದರೆ ಬೆಳಗ್ಗೆ ಸೆಲ್ಫ್ ಎಳೆಯುವುದಿಲ್ಲ. ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೆ ಸಾಮಾನ್ಯವಾಗಿ ಬ್ಯಾಟರಿ ಗುರುತಿನ ಕೆಂಪು ಲೈಟ್ ಹತ್ತುತ್ತದೆ, ಹೆಡ್‌ಲೈಟ್ ನಿಧಾನಕ್ಕೆ ಮಂಕಾಗುತ್ತಾ ಹೋಗುತ್ತದೆ. ಎಲ್ಲ ಒಂದೇ ಸಲ ಹೋಗಿ ಒಂದೇ ಸಲ ಬಂದರೆ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ.

ಮುಂದಿನ ಸಲ ಹಾಗಾದಾಗ ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತುವ ಮುಂಚೆ ರೂಫ್ ಲೈಟ್, ಪಾರ್ಕ್ ಲೈಟ್ ಹಾಕಿ ನೋಡಿ. ಇವಕ್ಕೆ ಕೀ ಬೇಡ. ಅವೂ ಹತ್ತದಿದ್ದರೆ ತೊಂದರೆ ಬ್ಯಾಟರಿ ಕಡೆ: ಟರ್ಮಿನಲ್, ಅರ್ಥ್ ವೈರ್ (ಬ್ಯಾಟರಿ ಮೈನಸ್‌ನಿಂದ ಬಾಡಿಗೆ, ಎಂಜಿನ್‌ಗೆ ಹೋಗುವ ವೈರ್) ಅಥವಾ ಪ್ಲಸ್‌ನಿಂದ ಹೊರಟ ಕೂಡಲೇ ಸಿಗುವ ಮೇನ್ ಫ್ಯೂಸ್. ಅವು ಜೋರಾಗಿ ಹತ್ತಿ, ಕೀ ಮೇಲೆ ನಡೆಯುವುದು ಮಾತ್ರ ಸತ್ತಿದ್ದರೆ ಇಗ್ನಿಷನ್ ಸ್ವಿಚ್, ಇಲ್ಲವೇ ಅದರ ಕೆಳಗಿನ ಕಪ್ಲರ್ (ವೈರ್ ಸೇರಿಸುವ ಪ್ಲಗ್). ಈ ಒಂದು ವಿಷಯ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಯಾವ ಮೆಕ್ಯಾನಿಕ್ಕೂ ಇದನ್ನು ಶೆಡ್ಡಲ್ಲಿ ನೋಡೋಕಾಗಲ್ಲ, ಯಾಕಂದ್ರೆ ಅಲ್ಲಿಗೆ ಹೋದಾಗ ಗಾಡಿ ಸರಿಯಾಗೇ ಇರುತ್ತದೆ.

ನನಗೆ ಅನುಮಾನ ಇಗ್ನಿಷನ್ ಸ್ವಿಚ್ ಮೇಲೆ. ಓಡುವಾಗ ಬ್ಯಾಟರಿ ಟರ್ಮಿನಲ್ ಮಾತ್ರ ಕಳಚಿಕೊಂಡರೆ ಆಲ್ಟರ್ನೇಟರ್ ಎಷ್ಟೋ ಸಲ ಎಂಜಿನ್ ನಡೆಸಿಕೊಂಡು ಹೋಗುತ್ತದೆ. ನಿಮ್ಮದು ಪಟ್ಟಂತ ನಿಲ್ಲುತ್ತದೆ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಟ್ಟು, ಕೀಯನ್ನು ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸಿ. ಲೈಟ್ ಮಿಣುಕಿದರೆ ಕಳ್ಳ ಸಿಕ್ಕ. ತೋಟದ ಗೇಟು, ಗೋಡೌನು, ಮನೆ, ಎಲ್ಲದರ ಕೀ ಒಂದೇ ಗೊಂಚಲಲ್ಲಿ ನೇತಾಡುತ್ತಿದ್ದರೆ ಅದನ್ನು ಮೊದಲು ಬೇರೆ ಮಾಡಿ. ಆ ಭಾರಕ್ಕೆ ಸ್ವಿಚ್ ಒಳಗೆ ಸವೆಯುತ್ತದೆ.

ಅಲುಗಿಸಿದರೂ ಏನೂ ಆಗದಿದ್ದರೆ ಅರ್ಥ್ ನೋಡಿ. ನಮ್ಮ ಕಡೆ, ಸಕಲೇಶಪುರ ಆಗಲಿ ಮೂಡಿಗೆರೆ ಆಗಲಿ, ತಿಂಗಳುಗಟ್ಟಲೆ ಮಳೆ ಹೊಡೆದರೆ ಬೋಲ್ಟ್ ಕೆಳಗೆ ತುಕ್ಕು, ಟರ್ಮಿನಲ್ ಮೇಲೆ ಹಸಿರು ಕಿಲುಬು ಕೂರುತ್ತದೆ. ಮಲ್ಟಿಮೀಟರ್‌ನಲ್ಲಿ ಬರೀ ಬೀಪ್ ಕೇಳಿ ವೈರ್ ಸರಿಯಿದೆ ಅನ್ನಬೇಡಿ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾಗಿದ್ದರೂ ಬೀಪ್ ಬರುತ್ತದೆ, ಸೆಲ್ಫ್ ಹೊಡೆದಾಗ ಕೈ ಕೊಡುತ್ತದೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್‌ನ ಬರೀ ಲೋಹಕ್ಕೆ ಒತ್ತಿ, ಒಬ್ಬರ ಕೈಲಿ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಒಳ್ಳೇದು. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಸರಿಯಿಲ್ಲ. ಆಗ ಎರಡು ಕಡೆ ಬೋಲ್ಟ್ ಬಿಚ್ಚಿ, ಎಮರಿ ಪೇಪರಲ್ಲಿ ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಬ್ಯಾಟರಿ ಮೈನಸ್ ಮೊದಲು, ಹಾಕುವಾಗ ಅದು ಕೊನೆಗೆ.

ಮೇನ್ ಫ್ಯೂಸ್ ಕೂರುವ ಜಾಗದಲ್ಲಿ ಪ್ಲಾಸ್ಟಿಕ್ ಕರಗಿದೆಯಾ, ಕಪ್ಪಾಗಿದೆಯಾ ನೋಡಿ. ಡ್ಯಾಶ್‌ಬೋರ್ಡ್ ಕೆಳಗೆ ಟೇಪ್ ಸುತ್ತಿದ ಜಾಯಿಂಟ್‌ಗಳೂ ಅನುಮಾನದ ಪಟ್ಟಿಯಲ್ಲಿವೆ, ಮ್ಯೂಸಿಕ್ ಸಿಸ್ಟಂ ಹಾಕಿದವರು ಯಾರ ವೈರ್ ಕತ್ತರಿಸಿದ್ದಾರೋ! ಶೆಡ್ಡಲ್ಲಿ ಇಲಿ ಕಾಟ ಇದ್ದರೆ ವೈರಿನ ಗೊಂಚಲನ್ನು ಕೈಯಲ್ಲಿ ಸವರಿ ನೋಡಿ.

ಆಲ್ಟರ್ನೇಟರ್ ಬಗ್ಗೆ ಅನುಮಾನ ಹೋಗದಿದ್ದರೆ ಎಂಜಿನ್ ಓಡುವಾಗ ಬ್ಯಾಟರಿ ಕಂಬಗಳ ಮೇಲೆ ವೋಲ್ಟೇಜ್ ನೋಡಿ. ಸುಮಾರು 13.8ರಿಂದ 14.4 ಇದ್ದರೆ ಅದನ್ನು ಬಿಟ್ಟುಬಿಡಿ. ಕೆಲವರು ಓಡುವ ಎಂಜಿನ್‌ನಲ್ಲಿ ಟರ್ಮಿನಲ್ ಕಿತ್ತು ಟೆಸ್ಟ್ ಮಾಡುತ್ತಾರೆ. ಹಾಗೆ ಮಾಡಲು ಬಿಡಬೇಡಿ. ವೋಲ್ಟೇಜ್ ಏರಿ ಆಲ್ಟರ್ನೇಟರ್ ಒಳಗಿನ ಡಯೋಡ್, ಎಂಜಿನ್ ನಡೆಸುವ ಕಂಪ್ಯೂಟರ್ (ಇಸಿಎಂ) ಎರಡೂ ಹೋಗಬಹುದು.

ಇದು ಸರಿಯಾಗುವ ತನಕ ರಾತ್ರಿ ಹೊತ್ತು ಚಾರ್ಮಾಡಿ ಘಾಟಿ ಇಳಿಯಬೇಡಿ. ಆ ಮಂಜಿನಲ್ಲಿ ತಿರುವಿನ ಮಧ್ಯೆ ಗಾಡಿ ನಿಂತರೆ ಹಿಂದಿನವರಿಗೆ ಕಾಣುವುದೇ ಇಲ್ಲ. ರೂಫ್ ಲೈಟ್ ಹತ್ತಿತಾ ಇಲ್ವಾ ಅಂತ ಇಲ್ಲೇ ಬರೆಯಿರಿ, ಮುಂದಿನದು ಆಮೇಲೆ ನೋಡೋಣ.