ಆಲೂಗಡ್ಡೆ ತುಂಡು, ಸಕ್ಕರೆ ನೀರು

ಪ್ರಶ್ನೆ: ಸರ್, ಆಸ್ಮೋಸಿಸ್ (ಪೊರೆ ದಾಟಿ ನೀರು, ಸಕ್ಕರೆಯಂಥದ್ದು ಜಾಸ್ತಿ ಕರಗಿರೋ ಕಡೆಗೆ ಹೋಗೋದು) ಪ್ರಯೋಗಕ್ಕೆ ಆಲೂಗಡ್ಡೆ ತುಂಡುಗಳನ್ನ ಬೇರೆ ಬೇರೆ ಸಕ್ಕರೆ ದ್ರಾವಣದಲ್ಲಿ ಇಟ್ಟಿದ್ದೆ, ಕೆಲವು ತೂಕ ಜಾಸ್ತಿ ಆದ್ವು, ಕೆಲವು ಕಮ್ಮಿ. ಯಾಕೆ?

ಉತ್ತರ: ಎರಡೂ ಸರಿಯಾಗೇ ಬಂದಿದೆ. ಜೀವಕೋಶದ ಪೊರೆಯನ್ನ ನೀರು ದಾಟುತ್ತೆ, ಸಕ್ಕರೆ ಸುಲಭಕ್ಕೆ ದಾಟಲ್ಲ, ಹಂಗಾಗಿ ಬರೀ ನೀರಲ್ಲಿಟ್ಟ ತುಂಡು ನೀರು ಎಳ್ಕೊಂಡು ಗಟ್ಟಿಯಾಗುತ್ತೆ, 1 ಮೋಲಾರ್ ದ್ರಾವಣದಲ್ಲಿ ಅಂದ್ರೆ ಲೀಟರ್‌ಗೆ 342 ಗ್ರಾಂ ಸಕ್ಕರೆ ಇರೋದ್ರಲ್ಲಿ ಇಟ್ಟಿದ್ದು ನೀರು ಕಳ್ಕೊಂಡು ಮೆತ್ತಗಾಗುತ್ತೆ. ನಂಗೆ ತುಂಬಾ ಇಷ್ಟ ಆಗೋದು ಇದರ ಗ್ರಾಫು! ತೂಕದ ಬದಲಾವಣೆನ ಶೇಕಡಾ ಲೆಕ್ಕದಲ್ಲಿ ಹಾಕಿ, ಗೆರೆ ಸೊನ್ನೆ ದಾಟೋ ಜಾಗ ನೋಡಿ, ಆಲೂಗಡ್ಡೆಗೆ ಅದು ಸಾಮಾನ್ಯವಾಗಿ 0.3 ಮೋಲಾರ್ ಆಸುಪಾಸು, ಅಲ್ಲಿ ಒಳಗೆ ಬರೋ ನೀರು ಹೊರಗೆ ಹೋಗೋ ನೀರು ಸಮ. ತೂಗೋ ಮುಂಚೆ ಎಲ್ಲಾ ತುಂಡನ್ನೂ ಒಂದೇ ಥರ ಒರೆಸಿ, ಸಿಪ್ಪೆ ಇರಬಾರದು.