ಕಳಂಬೋಲಿಯಲ್ಲಿ ಹೊಸ ಲಾರಿ ಡ್ರೈವರ್‌ಗೆ ಕೈಗೆ ಎಷ್ಟು ಉಳಿಯುತ್ತದೆ?

ನೀವು ಕೇಳಿದ್ದು ಇಷ್ಟು: ಊರು ಸಿಂದಗಿ ಕಡೆ, ವಯಸ್ಸು 22, ಹೆವಿ ಲೈಸೆನ್ಸ್ ಈಗಷ್ಟೇ ಕೈಗೆ ಬಂದಿದೆ. ಮುಂಬೈ ಪಕ್ಕದ ಕಳಂಬೋಲಿಗೆ ಬಂದರೆ ತಿಂಗಳಿಗೆ 35 ಸಾವಿರ ಸಿಗುತ್ತದೆ ಅಂತ ಯಾರೋ ಹೇಳಿದ್ದಾರೆ. ಮನೆಗೆ 20 ಸಾವಿರ ಕಳಿಸಬಹುದಾ?

ನಾನೂ ನಿಮ್ಮ ಪಕ್ಕದವನೇ, ಇಂಡಿ ತಾಲ್ಲೂಕು. ಕ್ಲೀನರ್ ಆಗಿ ಬಂದವನು, ಈಗ ಟ್ರೇಲರ್ ಓಡಿಸುತ್ತೇನೆ. ಇದ್ದದ್ದು ಹೇಳುತ್ತೇನೆ. ಮೊದಲ ಆರು ತಿಂಗಳು ಮನೆಗೆ 8ರಿಂದ 10 ಸಾವಿರ ಕಳಿಸಲು ಆದರೆ ನಿಮ್ಮ ಲೆಕ್ಕ ಸರಿಯಾಗಿ ನಡೆದಿದೆ ಅಂತಲೇ ಅರ್ಥ.

35 ಸಾವಿರ ಅನ್ನೋದು ಪೂರ್ತಿ ಸುಳ್ಳಲ್ಲ. ಆದರೆ ಅದರಲ್ಲಿ ಪಗಾರ ಎಷ್ಟು, ದಾರಿ ಖರ್ಚು ಎಷ್ಟು ಅಂತ ಬಿಡಿಸಿ ಹೇಳುವವರು ಕಡಿಮೆ. ನಿಮ್ಮ ಕೈಗೆ ಬಂದ ದುಡ್ಡೆಲ್ಲಾ ನಿಮ್ಮದಲ್ಲ. ಊಟ, ಪಂಕ್ಚರ್, ಹಮಾಲಿ, ಪಾರ್ಕಿಂಗ್ ಎಲ್ಲಾ ಅದರಲ್ಲೇ ಹೋಗಬೇಕು. ಟೋಲ್ ಮಾತ್ರ ಈಗ ಫಾಸ್ಟ್ಯಾಗ್‌ನಿಂದ ಮಾಲೀಕರ ಖಾತೆಯಲ್ಲೇ ಕಟ್ ಆಗುತ್ತದೆ, ಆ ತಲೆನೋವು ನಮಗಿಲ್ಲ.

ನನ್ನ ಸುತ್ತಮುತ್ತ ಈಗ ನೋಡುತ್ತಿರುವ ರೇಟು ಹೇಳುತ್ತೇನೆ. ಹೊಸಬರಿಗೆ ಆರು ಚಕ್ರದ ಗಾಡಿ ಕೊಟ್ಟರೆ, ಭಿವಂಡಿ, ವಾಶಿ ಮಾರ್ಕೆಟ್, ಚಾಕಣ ಅಂತ ಹತ್ತಿರದ ಓಡಾಟಕ್ಕೆ ಪಗಾರ 15ರಿಂದ 18 ಸಾವಿರ. ದೂರದ ಲೈನ್ ಗಾಡಿಗೆ ಪಗಾರ ಹೆಚ್ಚುಕಡಿಮೆ ಅಷ್ಟೇ, ಮೇಲೆ ದಿನಕ್ಕೆ 300ರಿಂದ 500 ಬಾಟಾ, ಅಂದರೆ ದಾರಿಯ ದಿನಭತ್ಯೆ. ಬಾಟಾದಲ್ಲೇ ಊಟ ಮುಗಿಸಿಕೊಳ್ಳಬೇಕು. ಎರಡು ಮೂರು ವರ್ಷ ಅಪಘಾತ ಇಲ್ಲದೆ ಓಡಿಸಿ, ಟ್ರೇಲರ್ ರಿವರ್ಸ್ ಹಾಕಲು ಕೈ ಕುದುರಿದ ಮೇಲೆ 25 ದಾಟುತ್ತದೆ. ಆ 35 ಸಾವಿರ ಅಲ್ಲಿಂದ ಮುಂದಿನ ಮಾತು.

ನನ್ನ ಡ್ರೈವರ್ ಕೆಲಸದ ಮೊದಲ ತಿಂಗಳ ಲೆಕ್ಕದ ಪುಸ್ತಕ ಇನ್ನೂ ಇದೆ. ಪಗಾರ 12,000 ಅಂತ ಮಾತಾಗಿತ್ತು. ಅಡ್ವಾನ್ಸ್ 3,000 ಮೊದಲೇ ತಗೊಂಡು ಊರಿಗೆ ಕಳಿಸಿದ್ದೆ. ಖಂಬಾಟಕಿ ಘಾಟಿನಲ್ಲಿ ಜೋರು ಮಳೆ, ತಾಡಪತ್ರಿ ಒಂದು ಮೂಲೆಯಲ್ಲಿ ಹರಿದಿದ್ದು ಕತ್ತಲೆಯಲ್ಲಿ ಕಾಣಲಿಲ್ಲ. ಸಕ್ಕರೆ ಚೀಲಗಳು ನೆನೆದವು. 1,850 ಕಟ್. ಪಂಕ್ಚರ್‌ಗೆ ಕೊಟ್ಟ 250ಕ್ಕೆ ಚೀಟಿ ಇಲ್ಲ ಅಂತ ಅದೂ ನನ್ನ ತಲೆಗೇ. ಮುನ್ಷಿ, ಅಂದರೆ ಮಾಲೀಕರ ಲೆಕ್ಕ ನೋಡುವವನು, ಎಣಿಸಿ ಕೊಟ್ಟಿದ್ದು 6,900. ತಾಡಪತ್ರಿ ಹಳೆಯದು, ನಾನು ಗಾಡಿ ಹತ್ತುವ ಮೊದಲೇ ಹರಿದಿತ್ತು. ಆದರೆ ಅದನ್ನು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ.

ಅದಕ್ಕೇ ಹೇಳುತ್ತೇನೆ, ಗಾಡಿ ಹತ್ತುವ ಮೊದಲು ಟೈರು, ತಾಡಪತ್ರಿ, ಹಗ್ಗ, ಬಾಗಿಲ ಸೀಲ್, ಎಲ್ಲದರ ಫೋಟೊ ತೆಗೆದು ಮುನ್ಷಿಗೆ ವಾಟ್ಸಾಪ್ ಮಾಡಿ. ಬಿಲ್ಟಿ, ಅಂದರೆ ಮಾಲಿನ ವಿವರ ಬರೆದ ಚೀಟಿ, ಅದರದೂ ಒಂದು ಫೋಟೊ. ಎಷ್ಟು ಚೀಲ ಬರೆದಿದೆಯೋ ಅಷ್ಟು ಎಣಿಸದೆ ಸಹಿ ಹಾಕಬೇಡಿ. ಪಗಾರ ಕೇಳುವಾಗಲೇ ಇದನ್ನೂ ಕೇಳಿ: ಮಾಲು ಕಡಿಮೆ ಬಿದ್ದರೆ ಯಾರ ಮೇಲೆ? ಗಾಡಿ ನಿಂತ ದಿನಕ್ಕೆ ಬಾಟಾ ಇದೆಯಾ?

ಈ ನಿಂತ ದಿನದ ಮಾತು ತುಂಬಾ ದೊಡ್ಡದು. ನ್ಹಾವಾ ಶೇವಾ ಬಂದರಿನ ಕಂಟೇನರ್ ಕೆಲಸ ಟ್ರಿಪ್ಪಿನ ಲೆಕ್ಕದಲ್ಲಿ ಸಿಕ್ಕರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಗೇಟಿನ ಹೊರಗೆ ಕ್ಯೂನಲ್ಲಿ ರಾತ್ರಿಯಿಡೀ ನಿಂತರೆ ಆ ರಾತ್ರಿಗೆ ದುಡ್ಡಿಲ್ಲ. ಗಣಪತಿ ಹಬ್ಬದಲ್ಲಿ ಮುಂಬೈ–ಗೋವಾ ಹೆದ್ದಾರಿಯಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ, ಅಷ್ಟು ದಿನದ ಟ್ರಿಪ್ ಹೋಯಿತು. ಹೊಸಬರಿಗೆ ತಿಂಗಳ ಪಗಾರವೇ ಒಳ್ಳೆಯದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಆದಾಯ ಇದೆ, ಅದರ ಬಗ್ಗೆ ನನಗೆ ಭಯ. ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಆವರೇಜ್ ಕಟ್ಟಿ ಕೊಡುತ್ತಾರೆ. ಡೀಸೆಲ್ ಉಳಿಸಿದರೆ ಉಳಿದ ದುಡ್ಡು ಡ್ರೈವರ್‌ಗೆ. ಈ ಆಸೆಗೆ ಬಿದ್ದು ಪುಣೆಯಲ್ಲಿ ಕಾತ್ರಜ್ ಹೊಸ ಸುರಂಗ ದಾಟಿದ ಕೂಡಲೇ ಗಾಡಿ ನ್ಯೂಟ್ರಲ್‌ಗೆ ಹಾಕುತ್ತಾರೆ. ಅಲ್ಲಿಂದ ನವಲೆ ಸೇತುವೆವರೆಗೂ ಇಳಿಜಾರು. ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ನ್ಯೂಟ್ರಲ್ ಆದರೆ ಇಡೀ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿಯುವುದಿಲ್ಲ. ಇಂಜಿನ್ ಬಂದ್ ಮಾಡಿದರೆ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್ ಕೂಡ ನಿಲ್ಲುತ್ತದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಗಾಡಿ ಹತ್ತಾರು ವಾಹನಗಳಿಗೆ ಗುದ್ದಿತ್ತು. ಒಂದು ಟ್ರಿಪ್ಪಿಗೆ ಸ್ವಲ್ಪ ಡೀಸೆಲ್ ಉಳಿಯಬಹುದು. ಬೇಡ. ಆ ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲೇ ಇಳಿಯಿರಿ, ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ.

ದೊಡ್ಡ ಗಾಡಿ ಯಾರೂ ಕೊಡದಿದ್ದರೆ ಬೇಜಾರಾಗಬೇಡಿ. ಪಿಕಪ್, ಟಾಟಾ 407 ಥರದ ಸಣ್ಣ ಸರಕು ಗಾಡಿಯಲ್ಲಿ ಶುರು ಮಾಡಿ. ಒಟ್ಟು ತೂಕ 7,500 ಕೆಜಿವರೆಗಿನ ಸರಕು ಗಾಡಿಗೆ ಕಾರಿನ ಲೈಸೆನ್ಸೇ ಸಾಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ಆ ಕೆಲಸಕ್ಕೆ ಪೈಪೋಟಿ ಇದೆ, ಪಗಾರ ಒಂದೆರಡು ಸಾವಿರ ಕಡಿಮೆ. ಆದರೆ ಮುಂಬೈ ಗಲ್ಲಿಗಳು ಕೈಗೆ ಬರುತ್ತವೆ. ಮುಂದೆ ಮಾಹುಲ್ ಕಡೆ ಪೆಟ್ರೋಲ್ ಟ್ಯಾಂಕರ್ ಓಡಿಸುವ ಮನಸ್ಸಿದ್ದರೆ ಅಪಾಯಕಾರಿ ಸರಕಿನ ತರಬೇತಿ ಬೇರೆ ಆಗಬೇಕು. ಅದು ಆಮೇಲೆ.

2025ರ ಅಕ್ಟೋಬರ್‌ನಿಂದ ತಯಾರಾದ ದೊಡ್ಡ ಲಾರಿಗಳಲ್ಲಿ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಅಂಥ ಗಾಡಿ ಸಿಕ್ಕರೆ ಪಗಾರ ಸಾವಿರ ಕಡಿಮೆ ಅಂದರೂ ಹಿಡಿಯಿರಿ. ಮೇ ತಿಂಗಳಲ್ಲಿ ಬಂದರಿನ ಕಡೆಯ ಉರಣ ರಸ್ತೆಯ ಕ್ಯೂನಲ್ಲಿ ಕೂತಾಗ ಅದರ ಬೆಲೆ ಗೊತ್ತಾಗುತ್ತದೆ.

ಬರುವಾಗ ಎರಡು ತಿಂಗಳ ಊಟ, ಖೋಲಿ ಬಾಡಿಗೆಗೆ ಆಗುವಷ್ಟು ದುಡ್ಡು ಕೈಯಲ್ಲಿರಲಿ, ಇಲ್ಲದಿದ್ದರೆ ಅಡ್ವಾನ್ಸ್ ತಗೊಂಡು ಸಿಕ್ಕಿಹಾಕಿಕೊಳ್ಳುತ್ತೀರಿ. ನಿಮಗೆ ಯಾವ ಗಾಡಿ, ಯಾವ ಲೈನು ಹೇಳಿದ್ದಾರೆ ಅಂತ ಇಲ್ಲೇ ಬರೆಯಿರಿ. ರೇಟು ಸರಿ ಇದೆಯಾ ಅಂತ ನೋಡಿ ಹೇಳುತ್ತೇನೆ.