ಹಿಂದಿನ ಗಲ್ಲಿ ಯಾಕಿದೆ?

ಪ್ರಶ್ನೆ: ಮೇಡಂ, ಆರು ತಿಂಗಳ ಹಿಂದೆ ದಾವಣಗೆರೆಯಿಂದ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದೆವು. 14ನೇ ಕ್ರಾಸ್ ಹತ್ತಿರ ಹಳೇ ಮನೆಯೊಂದರ ಮಹಡಿ ಬಾಡಿಗೆಗೆ ಸಿಕ್ಕಿದೆ. ಮನೆ ಹಿಂದೆ ಒಂದು ಕಿರಿದಾದ ಗಲ್ಲಿ. ಯಾರ ಮನೆ ಮುಂಬಾಗಿಲೂ ಅದರ ಕಡೆಗಿಲ್ಲ. ಅಕ್ಕಪಕ್ಕದವರು ಅದನ್ನು 'ಕನ್ಸರ್ವೆನ್ಸಿ' ಅಂತಾರೆ. ಹಾಗಂದ್ರೇನು? ಈ ಬಡಾವಣೆ ಎಷ್ಟು ಹಳೆಯದು? ಹತ್ತು ವರ್ಷದ ಮಗಳಿಗೆ ಇಲ್ಲಿ ಏನೇನು ತೋರಿಸಲಿ?

ಉತ್ತರ: ಮಲ್ಲೇಶ್ವರಕ್ಕೆ ಬಂದವರು ಸಾಮಾನ್ಯವಾಗಿ ದೋಸೆ ಎಲ್ಲಿ ಚೆನ್ನಾಗಿರುತ್ತೆ ಅಂತ ಕೇಳ್ತಾರೆ. ನೀವು ಹಿಂದಿನ ಗಲ್ಲಿ ಬಗ್ಗೆ ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಈ ಬಡಾವಣೆಯ ಕಥೆ ಶುರುವಾಗುವುದೇ ಅಲ್ಲಿಂದ.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ರೈಲಿನ ದಾರಿ ಹಿಡಿದು ಹುಬ್ಬಳ್ಳಿ ಕಡೆಯಿಂದ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಇಲ್ಲ, ಬೆಳಕು ಇಲ್ಲ. ಸಾವಿರಾರು ಜನ ಸತ್ತರು. ನನ್ನ ಅಜ್ಜಿ ತನ್ನ ಅಮ್ಮನಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು: "ಇಲಿ ಸತ್ತು ಬಿತ್ತು ಅಂದ್ರೆ ಮನೆ ಬಿಡಬೇಕು. ಒಲೆ ಮೇಲೆ ಅನ್ನ ಇದ್ರೂ ಬಿಡಬೇಕು."

ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ ಅದಕ್ಕೂ ಮುಂಚೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲೇ ಆಗಿತ್ತು. ಆದರೆ ಇಲ್ಲಿಗೆ ಜನ ತುಂಬಿದ್ದು ಪ್ಲೇಗ್ ಆದ ಮೇಲೆ. ಇಲ್ಲಿ ನೋಡಿ, ರಸ್ತೆಗಳೆಲ್ಲ ನೇರ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಉದ್ದಕ್ಕೆ ಜೊತೆಜೊತೆಯಾಗಿ ಹೋಗುತ್ತವೆ, ಕ್ರಾಸ್‌ಗಳು ಅಡ್ಡಕ್ಕೆ. ಮನೆ ಸುತ್ತ ಜಾಗ, ಮುಂದೆ ಮರ. ಇದೆಲ್ಲ ಅಂದಕ್ಕೆ ಮಾಡಿದ್ದಲ್ಲ. ಜೀವ ಉಳಿಯಲಿ ಅಂತ ಮಾಡಿದ್ದು.

ಇನ್ನು ಆ ಗಲ್ಲಿ. 'ಕನ್ಸರ್ವೆನ್ಸಿ' ಅಂದ್ರೆ ಇಂಗ್ಲಿಷ್‌ನಲ್ಲಿ ಊರಿನ ನೈರ್ಮಲ್ಯದ ಕೆಲಸ. ಆಗ ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಲ ಮೂಲೆಯಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡಿರುತ್ತಿತ್ತು. ಗೋಡೆಯ ಬುಡದಲ್ಲಿ ಒಂದು ಕಿಂಡಿ. ಮಲ ಹೊರುವವರು ಹಿಂದಿನ ಗಲ್ಲಿಯಿಂದ ಬಂದು, ಆ ಕಿಂಡಿಯಿಂದ ಬಕೆಟ್ಟು ಎಳೆದು, ಖಾಲಿ ಮಾಡಿಕೊಂಡು ಹೋಗುತ್ತಿದ್ದರು. ಅವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳಬಾರದು. ಅದಕ್ಕೆ ಈ ಗಲ್ಲಿ.

ನಾನು ಹುಟ್ಟಿ ಬೆಳೆದದ್ದು 11ನೇ ಕ್ರಾಸ್‌ನಲ್ಲಿ. ಚಿಕ್ಕವಳಿದ್ದಾಗ ನಮ್ಮ ಮನೆಗೆ ಒಬ್ಬ ಹೆಂಗಸು ಬರುತ್ತಿದ್ದರು. ಬೆಳಗಿನ ಜಾವ ತಗಡಿನ ಸದ್ದು ಮಾತ್ರ ಕೇಳುತ್ತಿತ್ತು. ಒಮ್ಮೆ ಚೆಂಡು ಹುಡುಕಿಕೊಂಡು ಗಲ್ಲಿಗೆ ಇಳಿದಾಗ ಎದುರಾದರು. ನನ್ನನ್ನು ನೋಡಿದ್ದೇ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ನನಗೆ ಆಗ ಏಳು ವರ್ಷ, ಅವರಿಗೆ ನಮ್ಮಮ್ಮನ ವಯಸ್ಸು. ಅವರ ಹೆಸರೇನು ಅಂತ ನಮ್ಮ ಮನೆಯಲ್ಲಿ ಯಾರೂ ಒಂದು ದಿನವೂ ಕೇಳಿರಲಿಲ್ಲ. ಅಮ್ಮನನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಮಲ್ಲೇಶ್ವರದ ಮರ, ಹೂವು, ಸಂಗೀತದ ಬಗ್ಗೆ ಎಷ್ಟೋ ಬರೆಯುತ್ತೇವೆ. ಈ ಗಲ್ಲಿಯಲ್ಲಿ ನಡೆದವರ ಬಗ್ಗೆಯೂ ಅಷ್ಟೇ ಬರೆಯಬೇಕು ಅನ್ನೋದು ನನ್ನ ಆಸೆ.

ಬಡಾವಣೆಗಿಂತ ಊರು ಹಳೆಯದು. ಕಾಡು ಮಲ್ಲೇಶ್ವರ ದೇವಸ್ಥಾನದ ಶಾಸನ 1669ರದ್ದು. ಶಿವಾಜಿಯ ಮಲತಮ್ಮ ವೆಂಕೋಜಿ, ಮಲ್ಲಪುರದ ಮಲ್ಲಿಕಾರ್ಜುನ ದೇವರಿಗೆ ಮೇದರ ನಿಂಗನಹಳ್ಳಿ ಅನ್ನುವ ಊರನ್ನು ದಾನ ಕೊಟ್ಟ ವಿಷಯ ಅದರಲ್ಲಿದೆ. ಮಗಳನ್ನು ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ. ಎದುರಿಗೇ ನಂದಿ ತೀರ್ಥ. ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿ ಸೇರುತ್ತದೆ. ನಾವು ಹುಡುಗರಿದ್ದಾಗ ಅಲ್ಲಿ ಬರೀ ಖಾಲಿ ಜಾಗ. 1990ರ ದಶಕದ ಕೊನೆಯಲ್ಲಿ ಮಣ್ಣು ಅಗೆದಾಗ ಇಡೀ ಗುಡಿ ಸಿಕ್ಕಿತು. ಅದರ ಪಕ್ಕದಲ್ಲೇ ಇಷ್ಟು ವರ್ಷ ಓಡಾಡಿದ್ದೆವಲ್ಲ ಅಂತ ನಾನು ಮೆಟ್ಟಿಲ ಮೇಲೆ ಸುಮ್ನೆ ತುಂಬಾ ಹೊತ್ತು ನಿಂತಿದ್ದೆ.

ಸಂಜೆ ಸ್ಯಾಂಕಿ ಕೆರೆಗೆ ಹೋಗಿ. 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ್ದು, ಸುಮಾರು 37 ಎಕರೆ. ಮಗಳಿಗೆ ಆಟ ಇಷ್ಟ ಇದ್ದರೆ ಕೆನರಾ ಯೂನಿಯನ್ ಸಂಘದ ಕಟ್ಟಡ ತೋರಿಸಿ. 1980ರಲ್ಲಿ ಆಲ್ ಇಂಗ್ಲೆಂಡ್ ಪಂದ್ಯಾವಳಿ ಗೆದ್ದ ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಅಲ್ಲಿಯ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇರುತ್ತಿರಲಿಲ್ಲ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ 8ನೇ ಕ್ರಾಸ್ ತಪ್ಪಿಸಿಕೊಳ್ಳಬೇಡಿ. ತಾವರೆ, ಬಾಳೆಕಂದು, ಕಾಲಿಡಲು ಜಾಗವಿಲ್ಲ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಆ ಗಲ್ಲಿಯನ್ನು ಮುಚ್ಚಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಕೆಲವು ಕಡೆ ಜನರೇ ಸೇರಿ ಕಸ ತೆಗೆಸಿ, ಗೋಡೆಗೆ ಚಿತ್ರ ಬರೆಸಿದ್ದಾರೆ. ವಾಹನದ ಕಾಟವಿಲ್ಲದೆ ಮಕ್ಕಳು ನಡೆಯಬಹುದಾದ ಜಾಗ ಈಗ ಎಲ್ಲಿ ಜಾಸ್ತಿ ಉಳಿದಿದೆ, ಹೇಳಿ?

ಮನೆ ನಿಜವಾಗಲೂ ಹಳೆಯದಾದರೆ ಹಿಂದಿನ ಗೋಡೆಯ ಬುಡ ನೋಡಿ. ಮೊಣಕಾಲೆತ್ತರದಲ್ಲಿ ಚೌಕವಾಗಿ ಬೇರೆ ಬಣ್ಣದ ಇಟ್ಟಿಗೆ ಕಾಣಬಹುದು. ನಮ್ಮ ಮನೆ ಗೋಡೆಯಲ್ಲಿ ಇನ್ನೂ ಇದೆ. ಮುಚ್ಚಿದ ಕಿಂಡಿ ಅದು. ಮಗಳಿಗೆ ತೋರಿಸಿ, ಯಾಕಿತ್ತು ಅಂತ ಹೇಳಿ.

ಪ್ರಶ್ನೆ: ಮಾರ್ಗೋಸಾ ಅಂದರೆ ಯಾರ ಹೆಸರು? ಯಾರಾದರೂ ದೊರೆಯದೇ?

ಉತ್ತರ: ಅಲ್ಲ, ಬೇವಿನ ಮರದ ಹೆಸರು. ಪಕ್ಕದ ರಸ್ತೆಗೆ ಸಂಪಿಗೆ, ಇದಕ್ಕೆ ಬೇವು.